ಮೂರು ಬೆರಳು ಮೇಲಿರಬಾರದಿತ್ತೇ, ಅಡ್ಡಪಟ್ಟಿಯವರೇ?

ಗೆ,
ಮಾನ್ಯ ಅಡ್ಡಪಟ್ಟಿಯವರು,
ಉತ್ತರ ದಿಕ್ಕಿನ ಗೋಲು,
ದೊಡ್ಡ ಫುಟ್‌ಬಾಲ್ ಮೈದಾನ, ಮಡಗಾಂವ್.

ವಿಷಯ: ರಾಷ್ಟ್ರೀಯ ಕಪ್‌ನ ಅಂತಿಮ ಪಂದ್ಯದ ದಿನ ತಾವು ಇದ್ದಲ್ಲೇ ಇದ್ದುದರ ಕುರಿತು.

ಮಾನ್ಯರೇ,

ಎರಡು ಕಂಬಗಳ ಹೆಗಲ ಮೇಲೆ ಬಿಸಿಲು ಮಳೆಯೆನ್ನದೆ ಮಲಗಿ, ಯಾರ ಶಿಫಾರಸಿಗೂ ಬಾಗದೆ, ಯಾರ ಬೈಗುಳಕ್ಕೂ ಬಣ್ಣ ಕಳೆದುಕೊಳ್ಳದೆ ಬೆಳ್ಳಗೆ ಶೋಭಿಸುತ್ತಿರುವ ತಮಗೆ, ಮಿಠಾವಾಡೊ ಸ್ಪೋರ್ಟ್ಸ್ ಕ್ಲಬ್ಬಿನ ಇಪ್ಪತ್ತಾರು ವರ್ಷಗಳ ಕಾರ್ಯದರ್ಶಿಯೂ ತಾಲೂಕು ಕಚೇರಿಯ ನಿವೃತ್ತ ಹೆಡ್ ಗುಮಾಸ್ತನೂ ಆದ ನಾನು, ಅನಸ್ತಾಸಿಯೊ ನೊರೊನ್ಹಾ, ಹ್ಯಾಟು ತೆಗೆದು ಎದೆಗಿಟ್ಟುಕೊಂಡು ಮಾಡುವ ವಂದನೆಗಳು. ತಾವೂ, ತಮ್ಮನ್ನು ಹೊತ್ತಿರುವ ಕಂಬಗಳೂ, ಹಿಂದೆ ಜೋತುಬಿದ್ದಿರುವ ಬಲೆಯೂ ಕ್ಷೇಮವೆಂದು ನಂಬಿದ್ದೇನೆ. ನಾವು ಇಲ್ಲಿ ಅಷ್ಟೇನೂ ಕ್ಷೇಮವಾಗಿಲ್ಲ.

ನಡೆದದ್ದು ತಮಗೆ ಗೊತ್ತಿಲ್ಲದ್ದಲ್ಲ. ಅಂದು ಸಂಜೆ ತಮ್ಮಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಆದರೂ ಇದು ಬಹಿರಂಗ ಪತ್ರವಾದ್ದರಿಂದ, ಬಸ್ಸು ತಪ್ಪಿಸಿಕೊಂಡು ಮನೆಯಲ್ಲಿ ಕೂತವರ ಅನುಕೂಲಕ್ಕಾಗಿ ದಾಖಲಿಸುತ್ತಿದ್ದೇನೆ. ಉಪ್ಪಿನ ಗದ್ದೆಗಳ ನಡುವೆ ಒಂದು ಇಗರ್ಜಿ, ಎರಡು ಬೇಕರಿ, ನಾಲ್ಕು ಹೆಂಡದಂಗಡಿ ಮತ್ತು ಒಂದು ಬದಿಗೆ ವಾಲಿದ ಆಟದ ಬಯಲು ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಮಿಠಾವಾಡೊ, ದೇಶದ ದೊಡ್ಡ ದೊಡ್ಡ ತಂಡಗಳನ್ನು ಒಂದೊಂದಾಗಿ ಮನೆಗೆ ಕಳಿಸಿ ಫೈನಲ್ ತಲುಪಿತು. ಎದುರಿಗೆ ಕೋಲ್ಕತ್ತೆಯವರು. ನೂರಿಪ್ಪತ್ತು ನಿಮಿಷ ಆಡಿದ ಮೇಲೂ ಒಂದಕ್ಕೊಂದು ಸಮ. ಕೊನೆಗೆ ಪೆನಾಲ್ಟಿಗಳು. ಅವರು ಐದಕ್ಕೆ ಐದನ್ನೂ ಒಳಗೆ ಹಾಕಿದರು, ನಾವು ನಾಲ್ಕನ್ನು ಹಾಕಿದೆವು, ನಮ್ಮ ಐದನೆಯದನ್ನು ನಾಯಕ ಇನಾಸ್ ಒದ್ದ, ಅದು ತಮಗೆ ಬಡಿದು ವಾಪಸು ಬಂತು. ಕಪ್ ಮರುದಿನ ಬೆಳಗ್ಗೆ ಕೋಲ್ಕತ್ತೆಯ ವಿಮಾನ ಹತ್ತಿತು.

ಮಾನ್ಯರೇ, ಕೇವಲ ಮೂರು ಬೆರಳು! ಗೋಲ್‌ಕೀಪರ್ ಅತ್ತ ಬಲಕ್ಕೆ ಹಾರಿ ಹುಲ್ಲು ಕಚ್ಚಿ ಮಲಗಿದ್ದ. ಇತ್ತ ಇಡೀ ಬಾಯಿ ತೆರೆದುಕೊಂಡಿದ್ದ ಗೋಲಿನಲ್ಲಿ ಎಚ್ಚರವಾಗಿದ್ದವರು ತಾವೊಬ್ಬರೇ. ಒಂದು ಕ್ಷಣ ಮೂರು ಬೆರಳಷ್ಟು ಮೇಲೇಳಲು, ಅಥವಾ ನಮ್ಮ ಹಳೆ ಮನೆಗಳ ತೊಲೆಗಳ ಹಾಗೆ ನಡುವಿನಲ್ಲಿ ಸ್ವಲ್ಪ ಮೇಲಕ್ಕೆ ಸೊಟ್ಟಗಾಗಲು ತಮಗೆ ಏನು ಕಷ್ಟವಿತ್ತು? ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದವನು ನಾನು. ಹಾಜರಿ ಹಾಕಿ ಚಹಾಕ್ಕೆ ಹೋದವರನ್ನು, ಚಹಾಕ್ಕೆ ಹೋಗಿ ಮದುವೆಗೆ ಹೋದವರನ್ನು, ಕುರ್ಚಿಯ ಬೆನ್ನಿಗೆ ಕೋಟು ತೂಗುಹಾಕಿ ಆ ಕೋಟಿನಿಂದಲೇ ಇಡೀ ವಾರದ ಕೆಲಸ ಮಾಡಿಸಿದವರನ್ನು ಕಂಡಿದ್ದೇನೆ. ಸಾರ್ವಜನಿಕರಿಗೆ ಬೇಕಾದ ಹೊತ್ತಿನಲ್ಲಿ, ಬೇಕಾದ ಜಾಗದಲ್ಲಿ, ಒಂದು ಕೂದಲೆಳೆಯೂ ಆಚೀಚೆ ಆಗದೆ ಸಿಕ್ಕ ಮೊದಲ ಅಧಿಕಾರಿ ತಾವು. ಇಂಥ ಕರ್ತವ್ಯನಿಷ್ಠೆಯನ್ನು ಬದುಕಿನಲ್ಲಿ ಒಮ್ಮೆ ನೋಡಬೇಕೆಂದು ಆಸೆಪಟ್ಟಿದ್ದೆ. ಅದು ಅಂದೇ ಆಗಬೇಕಿತ್ತೇ ಎಂಬುದಷ್ಟೇ ನನ್ನ ವಿನಮ್ರ ಪ್ರಶ್ನೆ.

ತಮ್ಮ ನಿಷ್ಪಕ್ಷಪಾತದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಸೆಮಿಫೈನಲ್ಲಿನಲ್ಲಿ ಎದುರಾಳಿಯ ಚೆಂಡು ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಇದೇ ತಮಗೆ ಬಡಿದು ಹೊರಗೆ ಹೋದಾಗ ನಾವು ತಮ್ಮನ್ನು ನಮ್ಮವರೆಂದೇ ತಿಳಿದೆವು. ಹೆಂಡದಂಗಡಿಯಲ್ಲಿ ತಮ್ಮ ಹೆಸರಿನಲ್ಲಿ ಲೋಟ ಎತ್ತಿದರು. ನನ್ನ ಹೆಂಡತಿ ಕಿತೇರಿಯಾ ತಮ್ಮ ಆಯುರಾರೋಗ್ಯಕ್ಕಾಗಿ ಸಂತ ಅಂತೋನಿಯ ಗುಡಿಯಲ್ಲಿ ಮೊಣಕೈಯುದ್ದದ ಮೇಣದಬತ್ತಿ ಹಚ್ಚಿದಳು. ಪಾದ್ರಿಗಳು ನೋಡಿ, “ಇದು ಯಾರ ಹೆಸರಲ್ಲಮ್ಮಾ?” ಅಂದರು. “ಅಡ್ಡಪಟ್ಟಿ ಹೆಸರಲ್ಲಿ ಪಾದ್ರಿಯವರೇ” ಅಂದಳು. “ಕಂಬಕ್ಕೆ ಬತ್ತಿ ಹಚ್ಚಿದ್ರೆ ಸಂತರು ಏನಂದ್ಕೋಬೇಕಮ್ಮಾ?” ಎಂದು ಅವರು ತಲೆ ಚಚ್ಚಿಕೊಂಡರು. ಒಂದೇ ವಾರದಲ್ಲಿ ತಾವು ಆ ಬತ್ತಿಯ ಹಂಗನ್ನೂ ಇಟ್ಟುಕೊಳ್ಳಲಿಲ್ಲ. ಇದನ್ನು ನ್ಯಾಯ ಅನ್ನುವವರು ಅನ್ನಲಿ, ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ, ಪತ್ರದಲ್ಲಿ ಬರೆಯುವಂಥದ್ದಲ್ಲ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ತಮ್ಮಿಂದ ಚೆಂಡು ವಾಪಸು ಬಂದು ಹನ್ನೆರಡು ದಿನವಾಯಿತು. ಇನಾಸ್ ಮಾತ್ರ ಇನ್ನೂ ನಮ್ಮ ನಡುವೆ ವಾಪಸು ಬಂದಿಲ್ಲ. ಇವನು ಹದಿಮೂರು ವರ್ಷದಿಂದ ನಮ್ಮ ತಂಡದ ಎಡಬದಿಯ ರಕ್ಷಕ, ಐದು ವರ್ಷದಿಂದ ನಾಯಕ, ಹೊಟ್ಟೆಪಾಡಿಗೆ ನಮ್ಮೂರ ಪೋಸ್ಟ್‌ಮನ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಧರ್ಮಪುತ್ರ. ಮೂವತ್ತೊಂದು ವರ್ಷದ ಹಿಂದೆ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಇವನನ್ನು ಎತ್ತಿಕೊಂಡು ನಿಂತಿದ್ದ ಪದ್ರಿನ್, ಅಂದರೆ ಧರ್ಮತಂದೆ, ನಾನೇ. ಮನೆಯ ಗಂಟೆ ಬಾರಿಸಿ, ಲಕೋಟೆಯನ್ನು ಬೆಳಕಿಗೆ ಹಿಡಿದು, ಒಳಗಿನ ಸುದ್ದಿಯನ್ನು ತಾನೇ ಅರ್ಧ ಹೇಳಿ ಕಾಗದ ಕೊಡುತ್ತಿದ್ದವನು ಈಗ ಗದ್ದೆಯ ಬದುವಿನ ಮೇಲೆ ಸುತ್ತು ಬಳಸಿ ಬಂದು, ಗೇಟಿನ ಕೆಳಗೆ ಕಾಗದ ತೂರಿಸಿ ಮಾಯವಾಗುತ್ತಾನೆ. ಮೂರನೆಯ ನಂಬರಿನ ಅಂಗಿಯನ್ನು ತೊಳೆದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ತಾಯಿಯ ಕೈಲಿ ಕ್ಲಬ್ಬಿಗೆ ಕಳಿಸಿದ್ದಾನೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸೇರುವ ಸಭೆಯಲ್ಲಿ ಆ ಅಂಗಿಯನ್ನು ಸ್ವೀಕರಿಸಿ, ಅವನ ಹೆಸರನ್ನು ತಂಡದಿಂದ ತೆಗೆದುಹಾಕುವ ಠರಾವು ಮಂಡನೆಯಾಗಲಿದೆ. ಆ ಠರಾವನ್ನು ಬರೆಯಬೇಕಾದ ಕಾರ್ಯದರ್ಶಿ ಯಾರೆಂದು ತಮಗೆ ಹೇಳಬೇಕಾಗಿಲ್ಲ.

ಗೋಲು ತಪ್ಪಿದ್ದಕ್ಕೇ ಇಷ್ಟೆಲ್ಲ ಎಂದು ತಾವು ತಿಳಿದರೆ ನಮ್ಮ ಊರಿಗೆ ಅನ್ಯಾಯವಾಗುತ್ತದೆ. ತಪ್ಪಿದ್ದನ್ನು ಮಿಠಾವಾಡೊ ಮೂರು ದಿನದಲ್ಲಿ ಕ್ಷಮಿಸಿತು. ಕ್ಷಮಿಸಲಾಗದ್ದು ಬೇರೆ. ಆ ಐದನೆಯ ಒದೆತ ಇನಾಸನದ್ದಾಗಿರಲಿಲ್ಲ, ಅದು ಹುಂಜನದ್ದು. ಹುಂಜ ಅಂದರೆ ನಮ್ಮ ಮುಂಚೂಣಿಯ ಆಟಗಾರ ಜೊವಿತ್. ನಮ್ಮಲ್ಲಿ ಊರಿಗೆ ಊರೇ ನಾಲ್ಕೈದು ಮನೆತನದ ಹೆಸರುಗಳನ್ನು ಹಂಚಿಕೊಂಡು ಬದುಕುವುದರಿಂದ ಒಂದೊಂದು ಮನೆಗೂ ಒಂದೊಂದು ಅಡ್ಡಹೆಸರಿದೆ, ಹೆಚ್ಚಿನವು ಪ್ರಾಣಿಗಳವು. ಜೊವಿತ್ ಹುಂಜದ ಮನೆಯವನು, ಇನಾಸ್ ಆಮೆ ಮನೆಯವನು. ಹುಂಜ ಇಂದಿನವರೆಗೆ ಪೆನಾಲ್ಟಿ ತಪ್ಪಿಸಿದ್ದಿಲ್ಲ. ಆಮೆ ಇಂದಿನವರೆಗೆ ಪೆನಾಲ್ಟಿ ಒದ್ದಿದ್ದೇ ಇಲ್ಲ. ಹಾಗಿರುವಾಗ ನಾಯಕನೆಂಬ ಜಂಬದಲ್ಲಿ, ಗೆಲುವಿನ ಗೋಲು ತನ್ನದೇ ಆಗಬೇಕು, ಮರುದಿನದ ಪೇಪರಿನಲ್ಲಿ ಪಟ ತನ್ನದೇ ಬರಬೇಕು ಎಂಬ ಆಸೆಯಲ್ಲಿ, ಹುಂಜನ ಬಾಯಿಂದ ಕಾಳು ಕಿತ್ತುಕೊಂಡ ಎಂದು ಊರು ತೀರ್ಮಾನಿಸಿದೆ.

ತರಬೇತುದಾರ ರೊಮಾಲ್ದ್ ಅಂದೇ ಅವನ ಕೊರಳಪಟ್ಟಿ ಹಿಡಿದು, “ನಿನ್ನನ್ನ ಯಾರೋ ಹೋಗು ಅಂದಿದ್ದು?” ಎಂದು ಕೇಳಿದ. ಇನಾಸ್ ನೆಲ ನೋಡುತ್ತಾ, “ನಂಗೇ ಒದೀಬೇಕು ಅನ್ನಿಸ್ತು, ಒದ್ದೆ” ಅಂದ. ಆಮೇಲೆ ಆ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ. ಬಿಡದಿದ್ದರೆ ಊರು ಸುಮ್ಮನಿರುತ್ತದೆಯೇ? ಕ್ಷೌರದಂಗಡಿಯ ಸಿಪ್ರು ಅವನನ್ನು ಕಂಡಾಗಲೆಲ್ಲ ಕತ್ತರಿ ಆಡಿಸುತ್ತಾ, “ಬಾರೋ ಕ್ಯಾಪ್ಟನ್, ಮೇಲಿಂದ ಮೂರು ಬೆರಳು ತೆಗೀಲಾ?” ಅನ್ನುತ್ತಾನೆ. ಬೇಕರಿಯವಳು, “ನನ್ನ ಮಗಳ ಕಾಗದ ಎಲ್ಲಪ್ಪಾ? ಗೇಟಿಗೆ ಹೊಡೆದು ವಾಪಸ್ ಹೋಯ್ತಾ?” ಎಂದು ರಸ್ತೆಗೆ ಕೇಳುವಂತೆ ವಿಚಾರಿಸುತ್ತಾಳೆ. ಹೆಂಡದಂಗಡಿಯಲ್ಲಿ ನಗೆಯೂ ಇಲ್ಲ. “ಸೋತಿದ್ದಕ್ಕಲ್ಲ ಮಾರಾಯಾ ಹೊಟ್ಟೆ ಉರಿಯೋದು, ಆಸೆಬುರುಕ ಆದ್ನಲ್ಲ, ಅದಕ್ಕೆ” ಅನ್ನುತ್ತಾರೆ. ಕೇಳಿಸಿಕೊಳ್ಳುತ್ತಾ ನಾನೂ ಅಲ್ಲೇ ಕೂತಿರುತ್ತೇನೆ, ನನ್ನ ಲೋಟ ನೋಡುತ್ತಾ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಭಾನುವಾರದೊಳಗೆ ತಾವು ಲಿಖಿತ ಸಮಜಾಯಿಷಿ ಕೊಟ್ಟು, ಸೋಲಿಗೆ ತಾವೇ ಸಂಪೂರ್ಣ ಹೊಣೆಯೆಂದೂ ಇನಾಸ್‌ನ ಕಾಲಿಗೂ ಮನಸ್ಸಿಗೂ ಇದರಲ್ಲಿ ಯಾವ ಪಾತ್ರವೂ ಇಲ್ಲವೆಂದೂ ಒಪ್ಪಿಕೊಳ್ಳಬೇಕು. ಬರೆಯಲು ಕೈಯಿಲ್ಲವೆಂಬ ನೆಪ ಬೇಡ. ಕೈಯಿದ್ದವರು ಏನು ಬರೆಯುತ್ತಾರೆಂಬುದನ್ನು ಮುಂದೆ ತಾವೇ ನೋಡುವಿರಿ. ಸಾಧ್ಯವಾದರೆ ಖುದ್ದಾಗಿ ಸಭೆಗೆ ಬರಬೇಕು. ಉಪ್ಪು ಸಾಗಿಸುವ ಟೆಂಪೊ ಕಳಿಸಿಕೊಡುತ್ತೇವೆ, ಉದ್ದ ಹೆಚ್ಚಾದರೆ ಹಿಂದಿನ ಬಾಗಿಲು ತೆರೆದಿಟ್ಟು ಕೆಂಪು ಬಟ್ಟೆ ಕಟ್ಟಿ ಕರೆತರುತ್ತೇವೆ, ಬ್ಯಾಂಡಿನವರಿಗೂ ಹೇಳುತ್ತೇನೆ. ಅದೂ ಆಗದಿದ್ದರೆ ಆರೋಗ್ಯದ ನೆಪದಲ್ಲಿ ಸ್ವಯಂ ನಿವೃತ್ತಿ ಪಡೆದು, ತಮ್ಮ ಜಾಗಕ್ಕೆ ಒಂದು ಹಗ್ಗವನ್ನು ನೇಮಿಸಲು ಶಿಫಾರಸು ಮಾಡಬೇಕು. ಹಗ್ಗಕ್ಕೆ ಮನುಷ್ಯರ ಕಷ್ಟ ಸ್ವಲ್ಪವಾದರೂ ತಿಳಿಯುತ್ತದೆ.

ಇಲ್ಲಿಗೆ ದೂರು ಮುಗಿಯಬೇಕಿತ್ತು. ಸಹಿ ಮಾಡಲು ಪೆನ್ನೂ ಎತ್ತಿದ್ದೆ. ಆದರೆ ದೂರಿನ ಜೊತೆ ದಾಖಲೆ ಲಗತ್ತಿಸಬೇಕೆಂಬ ನಿಯಮವೊಂದಿದೆ. ‘ಲಗತ್ತು ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿ, ಮೂವತ್ತೊಂದು ವರ್ಷದಲ್ಲಿ ಎಷ್ಟು ವಿಧವೆಯರ, ಎಷ್ಟು ಮುದುಕರ ಅರ್ಜಿಗಳನ್ನು ನಾನು ವಾಪಸು ಕಳಿಸಿದ್ದೇನೋ ದೇವರೇ ಬಲ್ಲ. ಹಾಗಾಗಿ ನಾನೂ ಲಗತ್ತಿಸುತ್ತಿದ್ದೇನೆ. ಇದರ ಜೊತೆ ಇರುವುದು ಒಂದು ಚೀಟಿ. ನಾಲ್ಕಾಗಿ ಮಡಚಿದ್ದು, ಒಂದು ಮೂಲೆಯಲ್ಲಿ ಹುಲ್ಲಿನ ಕಲೆ.

ರೊಮಾಲ್ದ್ ಎರಡು ಗಂಟೆ ಕೂಗಿ ಕೂಗಿ ಅಂದು ಗಂಟಲು ಕಳೆದುಕೊಂಡಿದ್ದ. ಪೆನಾಲ್ಟಿಗೆ ಮುಂಚೆ ಪಕ್ಕದಲ್ಲಿ ಕೂತಿದ್ದ ನನ್ನ ಕಿವಿಯಲ್ಲಿ, “ಬರ್ಕೊಳ್ಳಿ ಸೆಕ್ರೆಟರಿ ಬಾಬ್, ಬೆಕ್ಕು, ಗರಗಸ, ಏಡಿ, ಬೇಕರಿ, ಕೊನೇಲಿ ಹುಂಜ. ಇನಾಸ್ ಕೈಗೆ ಕೊಡಿ, ಅವನು ಓದಿ ಹೇಳ್ತಾನೆ” ಎಂದು ಪಿಸುಗುಟ್ಟಿದ. ಬರೆದುಕೊಳ್ಳುವುದೇನು ದೊಡ್ಡ ಮಾತು? ಆದರೆ ಮಾನ್ಯರೇ, ಅದು ರಾಷ್ಟ್ರೀಯ ಕಪ್‌ನ ಫೈನಲ್. ಟೀವಿ ಕ್ಯಾಮೆರಾ ನಮ್ಮ ಬೆಂಚಿನ ಮುಂದೆಯೇ ನಿಂತಿತ್ತು. ಕೋಲ್ಕತ್ತೆಯವರ ಬೆಂಚಿನಲ್ಲಿ ಟೈ ಕಟ್ಟಿದವರಿದ್ದರು. ಕ್ಲಬ್ಬಿನ ಮುದ್ರಿತ ಕಾಗದದ ಮೇಲೆ, ನನ್ನ ಹಸಿರು ಶಾಯಿಯಲ್ಲಿ, ಬೆಕ್ಕು, ಏಡಿ, ಹುಂಜ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕ್ಲಬ್ಬಿನ ಒಂದು ಕಾಗದವೂ ಮರ್ಯಾದೆಗೆಟ್ಟು ಹೊರಗೆ ಹೋಗಿದ್ದಿಲ್ಲ. ಆದ್ದರಿಂದ ನಾನು ಬರೆದದ್ದು: ಶ್ರೀಯುತ ಬರೆಟೊ, ಶ್ರೀಯುತ ದಾಕೊಸ್ತಾ, ಶ್ರೀಯುತ ಕುಲಾಸೊ, ಶ್ರೀಯುತ ವಾಸ್, ಶ್ರೀಯುತ ಫೆರ್ನಾಂಡಿಸ್. ಕೆಳಗೆ ಸಹಿ. ಸಹಿಯ ಪಕ್ಕ, ಜೇಬಿನಲ್ಲಿ ಸದಾ ಇರುವ ಕ್ಲಬ್ಬಿನ ದುಂಡು ಮೊಹರು.

ನಮ್ಮ ತಂಡದಲ್ಲಿ ಫೆರ್ನಾಂಡಿಸರು ಮೂವರು. ಒಬ್ಬ ಗೋಲ್‌ಕೀಪರ್, ಅವನು ಗೋಲಿನ ಪಕ್ಕ ನಿಂತಿದ್ದ. ಉಳಿದವರು ಹುಂಜ ಮತ್ತು ಇನಾಸ್. ಹುಂಜನನ್ನು ಯಾರಾದರೂ ಫೆರ್ನಾಂಡಿಸ್ ಎಂದು ಕರೆದರೆ ಅವನು ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾನೆ. ಇಡೀ ಮಿಠಾವಾಡೊದಲ್ಲಿ ಆ ಹೆಸರಿಗೆ ಓಗೊಡುವ ಜೀವ ಒಂದೇ. ಹದಿಮೂರು ವರ್ಷದಿಂದ ಪ್ರತಿ ಬೆಳಗ್ಗೆ ಅಂಚೆ ಕಚೇರಿಯಲ್ಲಿ ಸಾಹೇಬರು “ಶ್ರೀಯುತ ಫೆರ್ನಾಂಡಿಸ್” ಅಂದಾಗ “ಹಾಜರ್” ಅನ್ನುವ ಇನಾಸ್. ಮೊಹರು ಬಿದ್ದ ಕಾಗದದಲ್ಲಿ ಯಾವ ಹೆಸರಿದೆಯೋ ಅಲ್ಲಿಗೆ ತಲುಪಿಸುವುದು ಅವನ ಕಸುಬು. ಮೈದಾನದ ನಡುವೆ ನಿಂತು ನಾಲ್ಕು ಹೆಸರು ಓದಿದ, ನಾಲ್ವರು ಹೋಗಿ ಗೋಲು ಹೊಡೆದು ಬಂದರು. ಐದನೆಯದನ್ನು ಮನಸ್ಸಿನಲ್ಲೇ ಎರಡು ಸಲ ಓದಿದ. ಚೀಟಿಯನ್ನು ಕಾಲುಚೀಲದೊಳಗೆ ತುರುಕಿ, ಆಮೆ ಮನೆಯವರ ನಡಿಗೆಯಲ್ಲಿ, ತಮ್ಮ ಕಡೆ ಹೊರಟ.

ರೊಮಾಲ್ದ್ ಹೌಹಾರಿ ಎದ್ದ. ಕೂಗಲು ಗಂಟಲಿಲ್ಲ. ಗೆರೆ ದಾಟಿ ಒಳಗೆ ಹೋಗುವಂತಿಲ್ಲ. ಹುಂಜನನ್ನು ಕಳಿಸು ಎಂದು ತಿಳಿಸಲು ಬೇರೆ ದಾರಿ ಕಾಣದೆ ಎರಡೂ ಮೊಣಕೈ ಮಡಚಿ ರೆಕ್ಕೆ ಬಡಿದಂತೆ ಪಟಪಟ ಬಡಿಯತೊಡಗಿದ. ಹಿಂದಿನ ಗ್ಯಾಲರಿಯಲ್ಲಿದ್ದ ನಮ್ಮ ಮೂರು ಬಸ್ಸಿನ ಜನ ಇದೇನೋ ಹೊಸ ಜಯಕಾರವೆಂದು ತಿಳಿದು, ಅಜ್ಜಿಯರಿಂದ ಹಿಡಿದು ಬ್ಯಾಂಡಿನವರವರೆಗೆ ಎಲ್ಲರೂ ಎದ್ದು ನಿಂತು ರೆಕ್ಕೆ ಬಡಿದರು. ಇನಾಸ್ ತಿರುಗಿ ನೋಡಿದ; ಇಡೀ ಊರು ತನಗಾಗಿ ರೆಕ್ಕೆ ಬಡಿಯುತ್ತಿದೆ ಎಂದುಕೊಂಡು ಕೈ ಎತ್ತಿದ. ಆ ಮೈದಾನದಲ್ಲಿ ಏನಾಗುತ್ತಿದೆಯೆಂದು ತಿಳಿದಿದ್ದವನು ನಾನೊಬ್ಬನೇ, ಮತ್ತು ನಾನು ಪೆನ್ನಿನ ಮುಚ್ಚಳ ಹಾಕುತ್ತಾ ಕೂತಿದ್ದೆ.

ಆಮೇಲಿನದು ತಮ್ಮ ಇಲಾಖೆಗೆ ಸೇರಿದ್ದು. ತಮ್ಮಿಂದ ಸಿಡಿದ ಚೆಂಡು ನೇರವಾಗಿ ಅವನ ಬಳಿಗೇ ಬಂತು, ಅವನು ಅಭ್ಯಾಸಬಲದಿಂದ ಅದನ್ನು ಎದೆಗೆ ತೆಗೆದುಕೊಂಡು, ಕಾಲಡಿ ನಿಲ್ಲಿಸಿ, ಯಾರಿಗೆ ಕೊಡಲಿ ಎಂದು ಅತ್ತಿತ್ತ ನೋಡಿದ. ಕೊಡಲು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಅವನು ನಮ್ಮ ಮನೆಗೆ ಬಂದ. ನನಗೆ ಯಾವ ಕಾಗದವೂ ಬಂದಿರಲಿಲ್ಲ. ಈ ಚೀಟಿಯನ್ನು ತೆಗೆದು ನನ್ನ ಕೈಗಿಟ್ಟು, “ಪದ್ರಿನ್, ಇದನ್ನ ಒಲೆಗೆ ಹಾಕ್ಬಿಡಿ. ಈ ಅಕ್ಷರ ಊರಿಗೆಲ್ಲ ಗೊತ್ತು” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ, “ನೀವು ವಯಸ್ಸಾದವರು, ಇವರ ಬಾಯಿಗೆ ಬೀಳಬೇಡಿ. ನಾನಾದ್ರೆ ತಡ್ಕೋತೀನಿ” ಎಂದು ಸೈಕಲ್ ಹತ್ತಿದ. ಮೂವತ್ತೊಂದು ವರ್ಷದ ಹಿಂದೆ ಇವನ ತಲೆಗೆ ನೀರು ಹಾಕುವಾಗ, ಇವನನ್ನು ಕಾಯುತ್ತೇನೆಂದು ಮಾತು ಕೊಟ್ಟವನು ನಾನು. ಆ ಮಾತನ್ನು ಅವನು ನಡೆಸಿಕೊಡುತ್ತಿದ್ದಾನೆ. ನಾಚಿಕೆಯಿಂದ ಸತ್ತೆ ಅನ್ನುತ್ತಾರಲ್ಲ, ಅದು ಬರೀ ಮಾತು. ಸಾಯುವುದಿಲ್ಲ, ಊಟ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ, ಹನ್ನೊಂದು ದಿನ ಸುಮ್ಮನಿದ್ದು ಹನ್ನೆರಡನೆಯ ದಿನ ಒಂದು ಅಡ್ಡಪಟ್ಟಿಗೆ ದೂರು ಬರೆಯುತ್ತೇವೆ.

ಈ ಪತ್ರದ ಮೊದಲ ಮೂರು ಪುಟ ಓದಿದ ಕಿತೇರಿಯಾ ಕನ್ನಡಕ ತೆಗೆದು, “ಅಲ್ಲ ಮಾರಾಯಾ, ಮಾತಾಡದ ಕಂಬಕ್ಕೆ ಇಷ್ಟು ಚಂದ ಬೈತೀಯಲ್ಲ, ಮಾತಾಡೋ ಜನರ ಮುಂದೆ ನಾಲ್ಕು ಮಾತು ಆಡೋಕೆ ನಿಂಗೇನು ಬಂದಿದೆ ರೋಗ?” ಅಂದಳು. ತಮ್ಮನ್ನು ಆರಿಸಿಕೊಂಡದ್ದೇ ತಾವು ಉತ್ತರಿಸುವುದಿಲ್ಲವೆಂದು.

ಆದಕಾರಣ, ಮಾನ್ಯರೇ, ಮೇಲೆ ಕೇಳಿದ ಸಮಜಾಯಿಷಿ, ಟೆಂಪೊ, ನಿವೃತ್ತಿ, ಹಗ್ಗ ಇವೆಲ್ಲವನ್ನೂ ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಭಾನುವಾರದ ಠರಾವನ್ನು ನಾನು ಬರೆಯುವುದಿಲ್ಲ. ಬದಲಿಗೆ ಎದ್ದು ನಿಂತು ಈ ಚೀಟಿಯನ್ನು ಓದುತ್ತೇನೆ, ಆಮೇಲೆ ಹುಂಜನಿಗೆ, ರೊಮಾಲ್ದ್‌ಗೆ, ಎಲ್ಲರಿಗಿಂತ ಮೊದಲು ಇನಾಸ್‌ಗೆ, ಊರ ಮುಂದೆ ಕ್ಷಮೆ ಕೇಳುತ್ತೇನೆ. ಅಂಗಿಯನ್ನು ನಾನೇ ಅವನ ಮನೆಗೆ ಒಯ್ಯುತ್ತೇನೆ. ಮೊಹರನ್ನು ಮೇಜಿನ ಮೇಲಿಟ್ಟು ಬರುತ್ತೇನೆ. ಮುಂದಿನ ಕಾರ್ಯದರ್ಶಿ ಹುಂಜವನ್ನು ಹುಂಜವೆಂದೇ ಬರೆಯುವವನಾಗಿರಲಿ. ತಮ್ಮಲ್ಲಿ ಉಳಿದಿರುವ ಪ್ರಾರ್ಥನೆ ಒಂದೇ: ಮುಂದಿನ ವರ್ಷ ಆಮೆ ಮನೆಯ ಚೆಂಡೊಂದು ತಮ್ಮ ಕಡೆ ಬರುತ್ತಿರುವುದು ಕಂಡರೆ, ಮೂರು ಬೆರಳು ಮೇಲೆ ಜಿಗಿಯುವಂತೆ ದಯಮಾಡಿ ಒಂದು ಸಲ ಸೀನಿ.

ತಮ್ಮ ವಿಶ್ವಾಸಿ,
ಅನಸ್ತಾಸಿಯೊ ನೊರೊನ್ಹಾ
(ಯಾವ ನೊರೊನ್ಹಾ ಎಂಬ ಗೊಂದಲ ಬೇಡ: ಗೂಬೆ ಮನೆಯವನು)

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಹಾಕಿದರೆ ಇನಾಸ್ ತನ್ನ ಕಸುಬಿನಲ್ಲಿ ಮೊದಲ ಬಾರಿಗೆ 'ವಿಳಾಸ ಸಿಗಲಿಲ್ಲ' ಎಂದು ಸುಳ್ಳು ಬರೆದು ನನ್ನನ್ನು ಉಳಿಸಿಬಿಡುತ್ತಾನೆ. ಆದ್ದರಿಂದ ಸಿಪ್ರುವಿನ ಕ್ಷೌರದಂಗಡಿಯ ಬಾಗಿಲಿಗೆ ಗೋಂದು ಹಾಕಿ ಅಂಟಿಸಿದ್ದೇನೆ. ಓದಿದ ಮೇಲೂ ಯಾರನ್ನಾದರೂ ನೋಡಿ ನಗಬೇಕೆನ್ನಿಸುವ ಮಹನೀಯರು ಗೂಬೆ ಮನೆಗೇ ದಯಮಾಡಿಸಬೇಕು. ಒಳಗೆ ಬರುವಾಗ ಮಾತ್ರ ತಲೆ ತಗ್ಗಿಸಿ. ನಮ್ಮ ಬಾಗಿಲಿಗೂ ಒಂದು ಅಡ್ಡಪಟ್ಟಿಯಿದೆ, ಅದೂ ಇದ್ದಲ್ಲೇ ಇರುತ್ತದೆ.